ಉಕ್ಕಿನ ಕವಚವನ್ನು ಮನೆಯಲ್ಲಿ ಮಾಡುವ ಬಗೆ

ಕಳೆದ ವರ್ಷದ ಶಾಲಾ ದಿನಾಚರಣೆಯಲ್ಲಿ ನಮ್ಮ ವಿದ್ಯಾರ್ಥಿನಿಯರು ಫ್ರಾನ್ಸ್ ದೇಶದ ಜೋನ್ ಎಂಬ ಕನ್ಯೆಯ ಚರಿತ್ರೆಯನ್ನು ನಾಟಕರೂಪವಾಗಿ ಆಡಿ ತೋರಿಸಿದ್ದನ್ನು ಅಂದು ದಯಮಾಡಿಸಿದ್ದ ಹಿರಿಯರು ಮರೆತಿರಲಾರರು. ನಾಟಕವು ಮುಗಿದ ಬಳಿಕ ಮಾತಿನ ವಿಷಯವಾಗಿಯೋ ಹಾಡಿನ ವಿಷಯವಾಗಿಯೋ ನಮ್ಮನ್ನು ಕೇಳಿದವರು ಕೆಲವರು ಮಾತ್ರ. ನಾಯಕಿಯು ತೊಟ್ಟಿದ್ದ ಕವಚವನ್ನು ಹೈದರಾಬಾದಿನಿಂದ ತರಿಸಿದಿರೋ ಮುಂಬಯಿಯಿಂದ ತರಿಸಿದಿರೋ ಎಂದು ಕೇಳಿದವರೇ ಬಹಳ ಮಂದಿ. ಅದನ್ನು ಎಲ್ಲಿಂದಲೂ ತರಿಸಲಿಲ್ಲ. ಎಣ್ಣೆಯ ಖಾಲಿ ಡಬ್ಬಿಗಳು, ಹಳೆಯ ಸೀರೆಗಳು, ಚಪ್ಪಲಿ ಹೊಲಿಯುವವರಲ್ಲಿ ಉಳಿದ ತೊಗಲಿನ ಚೂರುಗಳು, ಇವುಗಳಿಂದ ಅದು ನಮ್ಮ ಹೊಲಿಗೆಯ ಕೋಣೆಯಲ್ಲಿಯೇ ಸಿದ್ಧವಾಯಿತು. ಇದನ್ನು ಕೇಳಿದ ಒಬ್ಬ ತಂದೆಯವರು, ಹೆಣ್ಣುಮಕ್ಕಳ ಕೈಗೆ ಸೂಜಿಯನ್ನು ಕೊಡತಕ್ಕ ಪಾಠಶಾಲೆಯು ಸುತ್ತಿಗೆಯನ್ನೇಕೆ ಕೊಟ್ಟಿತೆಂದು ಪ್ರಶ್ನಿಸಿದರು. ಪ್ರಶ್ನೆಯು ನ್ಯಾಯವಾದದ್ದೇ. ಕವಚವನ್ನು ಮಾಡುವ ಕ್ರಮವನ್ನು ವಿವರಿಸಿದರೆ ಉತ್ತರವು ತಾನಾಗಿಯೇ ದೊರೆಯುವದೆಂದು ನಂಬಿ ಈ ಲೇಖನವನ್ನು ಬರೆಯುತ್ತೇವೆ.

೧. ಜರ್ಮನ್ ಕವಚವೆಂದರೇನು?

ಯೂರೋಪಿನ ಯೋಧರು ೧೩ನೆಯ ಶತಮಾನದ ವರೆಗೆ ಮುಖ್ಯವಾಗಿ ಕಬ್ಬಿಣದ ಸಣ್ಣ ಬಳೆಗಳನ್ನು ಒಂದರೊಳಗೊಂದು ಕೋದು ಹೆಣೆದ ಸರಪಳಿಯ ಅಂಗಿಯನ್ನು ತೊಡುತ್ತಿದ್ದರು. ಅದು ಕತ್ತಿಯ ಅಲಗನ್ನು ತಡೆಯುವದೇ ಹೊರತು ಏಟಿನ ಭಾರವನ್ನು ತಡೆಯದು. ಅಲಗು ಒಳಗೆ ಹೋಗದಿದ್ದರೂ ಎಲುಬು ಮುರಿಯುವದು. ಆದುದರಿಂದ ೧೪ನೆಯ ಶತಮಾನದಲ್ಲಿ ಮೊಣಕಾಲಿಗೊಂದು, ಎದೆಗೊಂದು ಹೀಗೆ ಉಕ್ಕಿನ ಫಲಕಗಳನ್ನು ಕೂಡಿಸುತ್ತ ಬಂದು, ಸುಮಾರು ೧೪೨೦ರ ಹೊತ್ತಿಗೆ ಅಡಿಯಿಂದ ಮುಡಿಯ ವರೆಗೆ ಮುಚ್ಚುವ ಪೂರ್ಣ ಕವಚವನ್ನು ಸಾಧಿಸಿದರು. ಇಟಲಿಯಲ್ಲಿ ಮಿಲಾನ್, ಜರ್ಮನ್ ಸೀಮೆಯಲ್ಲಿ ಆಗ್ಸ್‌ಬರ್ಗ್, ನ್ಯೂರೆಂಬರ್ಗ್, ಲಾಂಡ್ಸ್‌ಹೂಟ್ ಎಂಬ ಪಟ್ಟಣಗಳು ಈ ಉದ್ಯೋಗಕ್ಕೆ ಹೆಸರಾದವು. ನ್ಯೂರೆಂಬರ್ಗಿನಲ್ಲಿ ಕಸಬುದಾರನ ಕೆಲಸವನ್ನು ಪರೀಕ್ಷಿಸಿ, ಒಪ್ಪಿಗೆಯಾದರೆ ಪಟ್ಟಣದ ಮುದ್ರೆಯನ್ನೊತ್ತುವ ಪದ್ಧತಿಯಿದ್ದಿತು. ಆಗ್ಸ್‌ಬರ್ಗಿನ ಒಂದು ಮನೆತನಕ್ಕೆ ಹೆಲ್ಮ್‌ಶ್ಮೀಡ್, ಎಂದರೆ ಶಿರಸ್ತ್ರಾಣದ ಕಮ್ಮಾರರು, ಎಂದೇ ಹೆಸರು ನಿಂತಿತು. ಆ ಮನೆತನದ ಲೊರೆಂಜ್ ಎಂಬವನು ಮುಂದೆ ಚಕ್ರವರ್ತಿಯಾದ ಮ್ಯಾಕ್ಸಿಮಿಲಿಯನ್ನನಿಗೆ ಮಾಡಿಕೊಟ್ಟ ಕವಚವು ವಿಯೆನ್ನಾ ನಗರದ ಸಂಗ್ರಹಾಲಯದಲ್ಲಿ ಇಂದಿಗೂ ಇದೆ.

೧೫ನೆಯ ಶತಮಾನದ ಉತ್ತರಾರ್ಧದ ಜರ್ಮನ್ ಕವಚವನ್ನು ಗುರುತಿಸುವದು ಸುಲಭ. ಮಿಲಾನಿನ ಕವಚವು ಗುಂಡಗೆ ನುಣುಪಾಗಿರುವದು. ಜರ್ಮನರದು ತೆಳ್ಳಗೆ, ಚೂಪಾಗಿ, ಮೈತುಂಬ ಏಣುಗಳಿಂದ ಕೂಡಿರುವದು. ಈ ಏಣುಗಳು ಬರಿಯ ಅಲಂಕಾರವಲ್ಲ. ನಮ್ಮ ಊರುಗಳಲ್ಲಿ ಮನೆಗೆ ಹೊದಿಸುವ ಪತ್ರಾಸನ್ನು ನೋಡಿರಿ. ಅದೇ ತಗಡು ಸಪಾಟಾಗಿದ್ದರೆ ಬೆರಳಿನಿಂದ ಒತ್ತಿದರೂ ಬಾಗುವದು. ಏರಿಳಿತವುಳ್ಳದ್ದಾದರೆ ಮನುಷ್ಯನು ಹತ್ತಿ ನಿಂತರೂ ತಡೆಯುವದು. ಹೀಗೆ ತೂಕವನ್ನು ಹೆಚ್ಚಿಸದೆ ಬಲವನ್ನು ಹೆಚ್ಚಿಸಿದ್ದೇ ಜರ್ಮನ್ ಕಸಬುದಾರರ ಜಾಣತನವು.

ಇಂಥ ಕವಚವನ್ನು ತೊಟ್ಟವನನ್ನು ರಾಟೆಯಿಂದೆತ್ತಿ ಕುದುರೆಯ ಮೇಲೆ ಕೂಡ್ರಿಸುತ್ತಿದ್ದರೆಂಬ ಕಥೆಯು ಸುಳ್ಳು. ಒಂದು ಮಿಲಿಮೀಟರು ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ ಎಂಟು ಕಿಲೋಗ್ರಾಮಿಗಿಂತ ತುಸು ಕಡಿಮೆ ತೂಗುವದು. ಎದೆಯ ಮೇಲೆ ದಪ್ಪವು ೨ ಮಿಲಿಮೀಟರು ಅಥವಾ ಹೆಚ್ಚು, ಕೈಕಾಲುಗಳ ಮೇಲೆ ಒಂದರ ಆಸುಪಾಸು. ಸರಾಸರಿ ಒಂದೂವರೆಯೆಂದು ಹಿಡಿದು, ಒಂದರ ಮೇಲೊಂದು ಹಾಯುವ ಅಂಚುಗಳನ್ನೂ ಸೇರಿಸಿ ಎರಡು ಚದರ ಮೀಟರು ತಗಡು ಬೇಕೆಂದರೆ, ಒಟ್ಟು ೨೩–೨೪ ಕಿಲೋಗ್ರಾಂ ಆಗುವದು. ಉಳಿದು ಬಂದಿರುವ ಯುದ್ಧಕವಚಗಳು ಸಾಮಾನ್ಯವಾಗಿ ೨೦ರಿಂದ ೨೫ ಕಿಲೋಗ್ರಾಂ ತೂಗುತ್ತವೆ, ಲೆಕ್ಕವು ಸರಿಯಾಯಿತು. ಈ ಭಾರವು ಒಂದೇ ಕಡೆಗೆ ಬೀಳದೆ ಮೈಯೆಲ್ಲ ಹಂಚಿಹೋಗುವದರಿಂದ ತೊಟ್ಟವನು ನಡೆಯಬಲ್ಲನು, ಓಡಬಲ್ಲನು, ಬಿದ್ದರೆ ಏಳಬಲ್ಲನು.

ಜೋನಳಿಗೆ ೧೪೨೯ರಲ್ಲಿ ಟೂರ್ ಪಟ್ಟಣದ ಕವಚಗಾರನೊಬ್ಬನು ಪೂರ್ಣ ಕವಚವನ್ನು ಮಾಡಿಕೊಟ್ಟನು. ಅದಕ್ಕೆ ೧೦೦ ಲಿವ್ರ್ ನಾಣ್ಯಗಳನ್ನು ಕೊಟ್ಟ ಲೆಕ್ಕವು ಅರಸನ ಖಜಾನೆಯ ಪುಸ್ತಕದಲ್ಲಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗಾಯಗೊಂಡ ಬಳಿಕ ಅವಳು ಒಂದು ಕವಚವನ್ನು ಸಾಂ ದೆನಿಯ ದೇವಾಲಯಕ್ಕೆ ಕಾಣಿಕೆಯಾಗಿ ಒಪ್ಪಿಸಿದಳು. ಆ ಕವಚವು ಉಳಿಯಲಿಲ್ಲ. ಆದಕಾರಣ ನಾವು ಅವಳ ಕವಚವನ್ನೇ ಅನುಕರಿಸುವದಕ್ಕೆ ಹೋಗದೆ, ಚಿತ್ರಗಳೂ ಅಳತೆಗಳೂ ಧಾರಾಳವಾಗಿ ದೊರೆಯುವ ಜರ್ಮನ್ ಮಾದರಿಯನ್ನು ಆರಿಸಿಕೊಂಡೆವು. ಅವಳನ್ನು ಅಪರಾಧಿಯೆಂದು ೧೪೩೧ರಲ್ಲಿ ನಿರ್ಣಯಿಸಿದವರು ಗಂಡಸರ ಉಡುಪನ್ನು ತೊಟ್ಟದ್ದನ್ನೂ ಒಂದು ದೋಷವಾಗಿ ಎಣಿಸಿದ್ದರು. ಸುತ್ತಿಗೆಯ ಪ್ರಶ್ನೆಯು ಹೊಸದಲ್ಲವೆಂಬುದಕ್ಕೆ ಇದನ್ನು ಹೇಳಿದೆವು.

೨. ನಮ್ಮ ಸೀಮೆಯ ಕವಚ

ನಮ್ಮ ದಖನ್ನಿನಲ್ಲಿ ಕವಚವಿರಲಿಲ್ಲವೇ ಎಂದು ಮಕ್ಕಳು ಕೇಳಿದರು. ಇದ್ದಿತು; ಆದರೆ ಅದರ ಬಗೆ ಬೇರೆ. ಇಲ್ಲಿಯ ಸರದಾರರು ಸರಪಳಿಯ ಅಂಗಿಯ ಮೇಲೆ ಎದೆಗೆ, ಬೆನ್ನಿಗೆ, ಎರಡು ಪಕ್ಕೆಗಳಿಗೆ ಒಂದೊಂದರಂತೆ ನಾಲ್ಕು ಫಲಕಗಳನ್ನು ಕಟ್ಟಿಕೊಳ್ಳುತ್ತಿದ್ದರು. ಅದಕ್ಕೆ ಪಾರಸಿಯಲ್ಲಿ ಚಾರ್ ಆಯಿನಾ, ಎಂದರೆ ನಾಲ್ಕು ಕನ್ನಡಿ, ಎಂದು ಹೆಸರು. ಉಕ್ಕಿಗೇನೂ ಕೊರತೆಯಿರಲಿಲ್ಲ; ಈಗಿನ ತೆಲಂಗಾಣದ ಕೋನಸಮುದ್ರಂ ಎಂಬ ಗ್ರಾಮದ ಮೂಸೆಯುಕ್ಕು ಪಾರಸಿಯ ವ್ಯಾಪಾರಿಗಳನ್ನು ಕೂಡ ಸೆಳೆದಿತ್ತು. ಸಾಮಾನ್ಯ ಸೈನಿಕನಿಗಾದರೋ ಬಟ್ಟೆಯೇ ಕವಚ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿಯಾದ ಡೊಮಿಂಗೋ ಪಾಯಸನು ಸೈನಿಕರ ಪದರುಪದರಾದ ಅಂಗಿಗಳನ್ನು ವರ್ಣಿಸಿದ್ದಾನೆ. ಟೀಪು ಸುಲ್ತಾನನ ಕಾಲದ ಒತ್ತಾಗಿ ಹೊಲಿದ ಅಂಗಿಗಳೂ ಟೊಪ್ಪಿಗೆಗಳೂ ಇಂಗ್ಲೆಂಡಿನ ಸಂಗ್ರಹಾಲಯಗಳಲ್ಲಿವೆ.

ಕವಚದ ಕಾಲವನ್ನು ಮುಗಿಸಿದ್ದು ಬಂದೂಕು. ಗುಂಡನ್ನು ತಡೆಯಬೇಕೆಂದು ಯೂರೋಪಿನವರು ಎದೆಯ ಫಲಕವನ್ನು ದಪ್ಪಮಾಡುತ್ತ ಹೋದರು. ಅಂಗಡಿಯಲ್ಲಿಯೇ ಅದಕ್ಕೆ ಒಂದು ಗುಂಡು ಹಾರಿಸಿ, ಆದ ಗುಳಿಯನ್ನು ಗಿರಾಕಿಗೆ ಸಾಕ್ಷಿಯಾಗಿ ತೋರಿಸುತ್ತಿದ್ದರು. ಕಡೆಗೆ ಭಾರವು ತಾಳದಾಗಿ ಕೈಕಾಲಿನ ಫಲಕಗಳನ್ನು ಬಿಟ್ಟುಬಿಟ್ಟರು. ನಮ್ಮ ಸುರಪುರದ ಮಕ್ಕಳಿಗೆ ಈ ಮಾತನ್ನು ತಿಳಿಸುವದು ಸುಲಭವಾಯಿತು. ಔರಂಗಜೇಬನು ೧೭೦೫ರಲ್ಲಿ, ತನ್ನ ೮೬ನೆಯ ವಯಸ್ಸಿನಲ್ಲಿ, ತಾನೇ ದಂಡೆತ್ತಿ ಬಂದು ಸುರಪುರದ ಸಮೀಪದ ವಾಗಿನಗೇರಿಯನ್ನು ಮುತ್ತಿದನು. ಪಿಡ್ಡ ನಾಯಕನ ಬೇಡರ ಪಡೆಗೆ ಗುಡ್ಡದ ಬಂಡೆಯೇ ಕವಚ, ಗುರಿ ತಪ್ಪದ ಬಂದೂಕೇ ಬಲ. ಕೋಟೆಯು ಕೊನೆಗೆ ಬಿದ್ದರೂ ನಾಯಕನು ಬಾದಶಹನ ಕೈಗೆ ಸಿಕ್ಕಲಿಲ್ಲ.

೩. ನಮ್ಮ ತಪ್ಪು

ಇನ್ನು ನಮ್ಮ ಕೆಲಸದ ಸಂಗತಿ. ಮೊದಲು ಮಾಡಿದ ತಪ್ಪನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುವದು ನ್ಯಾಯ. ಚಿತ್ರದಲ್ಲಿ ಕಾಣುವದು ಉಕ್ಕು ಮಾತ್ರವಾದ್ದರಿಂದ ನಾವೂ ತಗಡಿನಿಂದಲೇ ಆರಂಭಿಸಿದೆವು. ಹದಿನೈದು ದಿನ ಬಡಿದು ಎದೆಯ ಫಲಕವನ್ನೂ ಭುಜದ ಫಲಕವನ್ನೂ ಮಾಡಿ, ನಾಯಕಿಯ ಪಾತ್ರದ ಹುಡುಗಿಗೆ ತೆಳುವಾದ ಅಂಗಿಯ ಮೇಲೆಯೇ ಕಟ್ಟಿ ಅಭ್ಯಾಸಕ್ಕೆ ನಿಲ್ಲಿಸಿದೆವು. ಹಗ್ಗಗಳೆಲ್ಲ ಭುಜದ ಮೇಲೆ ಬಿದ್ದಿದ್ದವು. ಅವಳು ಏನೂ ಹೇಳದೆ ಎರಡು ಅಂಕಗಳ ವರೆಗೆ ನಿಂತಳು. ಮೂರನೆಯ ಅಂಕದಲ್ಲಿ ಕತ್ತಿಯನ್ನೆತ್ತಲು ಹೋಗಿ ಕಣ್ಣು ಕತ್ತಲೆಗೊಂಡು ಕುಸಿದಳು. ಕವಚವನ್ನು ಬಿಚ್ಚಿ ನೋಡಿದರೆ ಎರಡು ಭುಜಗಳ ಮೇಲೂ ಬಾಸುಂಡೆ ಎದ್ದಿತ್ತು. ನೋಯುತ್ತದೆಂದು ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ಹೇಳಿದರೆ ಪಾತ್ರವನ್ನು ಬೇರೆಯವಳಿಗೆ ಕೊಡುವಿರೆಂದು ಭಯವಾಯಿತೆಂದಳು. ಈ ಮಾತು ನಮಗೆ ಬಹಳ ನೋವನ್ನುಂಟುಮಾಡಿತು. ನಾಟಕವನ್ನೇ ಬಿಟ್ಟುಬಿಡುವದೆಂದು ನಿಶ್ಚಯಿಸಿದೆವು.

ಮೂರನೆಯ ದಿನ ಅವಳ ತಾಯಿಯವರು ಸುರಪುರದಿಂದ ಬಂದರು. ಅವರು ಓದುಬರಹ ಬಲ್ಲವರಲ್ಲ. ಬೈಸಿಕೊಳ್ಳಲು ಸಿದ್ಧರಾಗಿಯೇ ಎದುರುಗೊಂಡೆವು. ಅವರು ತಗಡನ್ನು ತೋರಿಸಿರೆಂದರು, ಅಂಚನ್ನು ಬೆರಳಿನಿಂದ ಸವರಿ ನೋಡಿದರು, ಬಳಿಕ, “ಅಕ್ಕೋರೆ, ಕೂಸಿನ ಮೈಮ್ಯಾಲ ಬರೀ ತಗಡ ಇಟ್ರ ಹ್ಯಾಂಗ ತಡೀತದ್ರೀ? ಒಳಗ ಕೌದಿ ಬ್ಯಾಡೇನು?” ಎಂದರು. ನಾವು ತಲೆ ತಗ್ಗಿಸಿ, “ಅವ್ವಾ, ಅದನ್ನ ನೀವೇ ಕಲಿಸಬೇಕ್ರಿ” ಎಂದೆವು. ಅವರು ನಾಲ್ಕು ದಿನ ನಮ್ಮಲ್ಲಿಯೇ ನಿಂತು ಕಲಿಸಿದರು.

ಆಮೇಲೆ ಗ್ರಂಥಗಳನ್ನು ಓದಿ ನೋಡಿದರೆ ಯೂರೋಪಿನ ಕವಚಗಾರರೂ ಇದನ್ನೇ ಮಾಡುತ್ತಿದ್ದರು! ಉಕ್ಕಿನ ಒಳಗೆ ಮೈಗೊತ್ತಿದ ದಪ್ಪನೆಯ ಹೊಲಿದ ಅಂಗಿಯಿರುವದು. ಅದಕ್ಕೆ ಮೇಣ ಸವರಿದ ದಾರಗಳಿರುವವು. ಫಲಕಗಳನ್ನು ಆ ದಾರಗಳಿಗೆ ಕಟ್ಟುವರು. ಫ್ರಾನ್ಸಿನ ಹನ್ನೊಂದನೆಯ ಲೂಯಿ ಅರಸನ ಕಾಲದ ಒಂದು ಕಟ್ಟಳೆಯು, ಬಟ್ಟೆಯನ್ನೇ ಕವಚವಾಗಿ ತೊಡುವ ಕಾಲಾಳಿನ ಅಂಗಿಗೆ ೨೫ ಅಥವಾ ೩೦ ಪದರುಗಳಿರತಕ್ಕದ್ದೆಂದು ವಿಧಿಸುವದು. ಕವಚದ ಆರಂಭವು ಕುಲುಮೆಯಲ್ಲಲ್ಲ, ಹೊಲಿಗೆಯಲ್ಲಿ.

೪. ಮಾಡುವ ಕ್ರಮ

ಬಟ್ಟೆ. ಒಗೆದು ಮೆತ್ತಗಾದ ಹಳೆಯ ನೂಲಿನ ಸೀರೆಗಳನ್ನು ಎಂಟು ಪದರಾಗಿ ಹಾಸಿ, ಕೌದಿಯಂತೆ ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವಂತೆ ಒತ್ತೊತ್ತಾಗಿ ಸಾಲುಹೊಲಿಗೆಯನ್ನು ಹಾಕಬೇಕು. ಇದರಿಂದ ಅಂಗಿಯನ್ನು ಕತ್ತರಿಸಿ, ಟೊಂಕದಲ್ಲಿ ಬಿಗಿಯಾಗಿ ಹಿಡಿಯುವಂತೆ ಹೊಲಿಯತಕ್ಕದ್ದು. ಇದೇ ಮುಖ್ಯವಾದ ಸಂಗತಿ. ತುಂಬಿದ ಕೊಡವನ್ನು ಟೊಂಕದ ಮೇಲಿಟ್ಟುಕೊಂಡು ಹೊಳೆಯಿಂದ ಮನೆಯ ವರೆಗೆ ನಡೆದು ಬರುವ ಹೆಂಗಸು ಅದೇ ಕೊಡವನ್ನು ಭುಜಕ್ಕೆ ನೇತುಹಾಕಿಕೊಂಡರೆ ನೂರು ಹೆಜ್ಜೆ ನಡೆಯಲಾರಳು. ಎದೆಯ ಫಲಕವೂ ಟೊಂಕದ ಮೇಲೆಯೇ ಕೂಡ್ರಬೇಕು. ಅಪೊಸ್ತಲನಾದ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಸರ್ವಾಯುಧಗಳನ್ನು ಎಣಿಸುವಾಗ ನಡುಕಟ್ಟನ್ನೇ ಮೊದಲು ಹೇಳಿರುವದನ್ನು ನಮ್ಮ ಮಕ್ಕಳು ಜ್ಞಾಪಿಸಿದರು.

ಕಾಗದ. ಅಳತೆಯನ್ನು ಬರಿಯ ಮೈಯಿಂದಲ್ಲ, ಈ ದಪ್ಪ ಅಂಗಿಯ ಮೇಲಿಂದ ತೆಗೆದುಕೊಳ್ಳಬೇಕು. ಕುಪ್ಪಸವನ್ನು ಕತ್ತರಿಸುವ ಮೊದಲು ಮಾಡುವಂತೆ ದಪ್ಪ ಕಾಗದದಿಂದ ಪ್ರತಿಯೊಂದು ಫಲಕದ ಮಾದರಿಯನ್ನು ಮಾಡಿ, ಮೈಗೆ ಕಟ್ಟಿ, ಕೂತು, ಬಗ್ಗಿ, ಕೈಯೆತ್ತಿ ನೋಡಬೇಕು. ಎಲ್ಲಿ ಕಾಗದವು ಹರಿಯುವದೋ ಅಲ್ಲಿ ತಗಡು ಮೈಯನ್ನು ಕೊಯ್ಯುವದೆಂದು ತಿಳಿಯತಕ್ಕದ್ದು. ನಮ್ಮ ಕಾಲವು ಹೆಚ್ಚಾಗಿ ಈ ಕಾಗದಕ್ಕೇ ಹಿಡಿಯಿತು, ಅದು ವ್ಯರ್ಥವಾಗಲಿಲ್ಲ.

ತಗಡು. ನಿಜವಾದ ಕವಚಕ್ಕೆ ಉಕ್ಕಿನ ತಗಡು ಬೇಕು. ನಾಟಕಕ್ಕೆ ೧೫ ಕಿಲೋ ಎಣ್ಣೆಯ ಡಬ್ಬಿಯ ತಗಡೇ ಸಾಕು. ಅದರ ದಪ್ಪ ಮಿಲಿಮೀಟರಿನ ಮೂರರಲ್ಲೊಂದು ಪಾಲಿನಷ್ಟು. ನಮಗೆ ಹತ್ತು ಡಬ್ಬಿಗಳು ಹಿಡಿದವು. ಸಿದ್ಧವಾದ ಕವಚವು ಅಂಗಿ, ತೊಗಲುಪಟ್ಟಿಗಳೂ ಸೇರಿ ಆರೂವರೆ ಕಿಲೋ ತೂಗಿತು. ಡಬ್ಬಿಯನ್ನು ಮೊದಲು ಬೂದಿಯಿಂದ ತಿಕ್ಕಿ ಜಿಡ್ಡನ್ನು ತೆಗೆಯಬೇಕು. ಕತ್ತರಿಸುವಾಗ ತೊಗಲಿನ ಕೈಚೀಲಗಳನ್ನು ತೊಟ್ಟಿರತಕ್ಕದ್ದು. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ, ಬಕೀಟಿನ ಬಾಯಿಯಂತೆ ತಂತಿಯ ಮೇಲೆ ಹೊರಮಡಿಸಬೇಕು. ಹೀಗೆ ಮಡಿಸಿದ ಅಂಚು ಮೈಯನ್ನು ಕೊಯ್ಯದು, ಫಲಕವನ್ನು ಗಟ್ಟಿಮಾಡುವದು, ಮತ್ತು ನಿಜವಾದ ಯುದ್ಧದಲ್ಲಿ ಎದೆಯ ಮೇಲೆ ಜಾರಿ ಬಂದ ಅಲಗನ್ನು ಕೊರಳಿಗೆ ಹೋಗದಂತೆ ತಡೆಯುವದು.

ಸುತ್ತಿಗೆ. ಬಟ್ಟೆಯಲ್ಲಿ ಉಬ್ಬನ್ನು ತರಲು ಟಕ್ಸು ಹಿಡಿಯುತ್ತೇವೆ. ಲೋಹದಲ್ಲಿ ಅದರ ಅವಶ್ಯವಿಲ್ಲ. ಮರದ ದಿಮ್ಮಿಯಲ್ಲಿ ಬಟ್ಟಲಿನಂಥ ಗುಳಿಯನ್ನು ಕೊರೆದು, ತಗಡನ್ನು ಅದರ ಮೇಲಿಟ್ಟು, ಗುಂಡುಮೋರೆಯ ಸುತ್ತಿಗೆಯಿಂದ ಸುತ್ತುಸುತ್ತಾಗಿ ಬಡಿದರೆ ಲೋಹವು ಹಿಗ್ಗಿ ಬಟ್ಟಲಾಗುವದು. ಯಾದಗಿರಿಯ ಪೇಟೆಯಲ್ಲಿ ತಾಮ್ರದ ಕೊಡ ಬಡಿಯುವದನ್ನು ಬಲ್ಲ ಒಬ್ಬ ವೃದ್ಧರು ಮಕ್ಕಳಿಗೆ ಇದನ್ನು ತೋರಿಸಿಕೊಟ್ಟರು. ಬಲದಿಂದ ಒಂದು ಏಟಿಗಿಂತ ಹಗುರವಾಗಿ ನೂರು ಏಟು ಮೇಲು ಎಂಬುದು ಅವರ ಪಾಠ. ಬಡಿದಂತೆ ಲೋಹವು ಪೆಡಸಾಗುವದು. ಇನ್ನೂ ಬಡಿದರೆ ಸೀಳುವದು. ಉಕ್ಕಾದರೆ ಕೆಂಪಗೆ ಕಾಯಿಸಿ ಮೆಲ್ಲಗೆ ಆರಿಸಿದಾಗ ತಿರುಗಿ ಮೆತ್ತಗಾಗುವದು. ಡಬ್ಬಿಯ ತಗಡನ್ನು ಹಾಗೆ ಕಾಯಿಸಲಾಗದು. ಅದರ ಮೇಲಿನ ತವರವು ೨೩೨ ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕರಗುವದು. ಜಸ್ತ ಬಳಿದ ಪತ್ರಾಸನ್ನಂತೂ ಎಂದಿಗೂ ಬೆಂಕಿಗೆ ಹಿಡಿಯಬಾರದು. ಅದರ ಹೊಗೆಯು ವಿಷವಾಗಿ, ಉಸಿರಾಡಿದವರಿಗೆ ಚಳಿಜ್ವರವನ್ನು ತರುವದು. ಆದುದರಿಂದ ಡಬ್ಬಿಯ ತಗಡನ್ನು ಆಳವಾಗಿ ಬಡಿಯುವ ಗೋಜಿಗೆ ಹೋಗದೆ, ಕಿರಿದಾದ ಪಟ್ಟಿಗಳನ್ನಾಗಿ ಕತ್ತರಿಸಿ ಒಂದರ ಮೇಲೊಂದು ಜೋಡಿಸುವದೇ ಉತ್ತಮ. ಏಣುಗಳನ್ನು ಮರದ ಅಂಚಿನ ಮೇಲೆ ಮೊಂಡು ಉಳಿಯಿಂದ ಒತ್ತಿ ತೆಗೆದೆವು.

ಕೀಲು. ಚೇಳಿನ ಬಾಲವನ್ನು ನೋಡಿದವರಿಗೆ ಕವಚದ ರಹಸ್ಯವು ತಿಳಿಯುವದು. ಗಟ್ಟಿಯಾದ ತುಂಡುಗಳು ಒಂದರ ಮೇಲೊಂದು ಹಾಯುತ್ತ ಬಾಗುವವು. ಮೊಣಕೈ, ಮೊಣಕಾಲು, ಭುಜ, ಬೆರಳು ಎಲ್ಲೆಡೆಯೂ ಇದೇ ಉಪಾಯ. ಪಟ್ಟಿಗಳನ್ನು ಒಳಗಡೆ ತೊಗಲಿನ ಪಟ್ಟಿಗೆ ರಿವೆಟ್ಟಿನಿಂದ ಬಡಿದು ಕೂಡಿಸಬಹುದು. ಅಥವಾ ಒಂದು ಪಟ್ಟಿಯಲ್ಲಿ ಉದ್ದ ಕಂಡಿಯನ್ನು ಕೊರೆದು, ರಿವೆಟ್ಟು ಅದರೊಳಗೆ ಸರಿದಾಡುವಂತೆ ಮಾಡಬಹುದು. ಮೊಣಕೈಯ ಎರಡು ರಿವೆಟ್ಟುಗಳು ಎಲುಬಿನ ಕೀಲು ಎಲ್ಲಿದೆಯೋ ಅಲ್ಲಿಗೇ ಸರಿಯಾಗಿ ಬರಬೇಕು. ನಮ್ಮವು ಮೊದಲು ಎರಡು ಬೆರಳು ಕೆಳಗೆ ಬಿದ್ದಿದ್ದವು; ಹುಡುಗಿಯು ಅಂದು ಕತ್ತಿಯನ್ನೆತ್ತಲಾರದೆ ಹೋದದ್ದಕ್ಕೆ ಇದೂ ಒಂದು ಕಾರಣವೆಂದು ಬಳಿಕ ಕಂಡುಬಂತು. ಅವಳು ಅಶಕ್ತಳೆಂದು ನಾವು ತಿಳಿದಿದ್ದೆವು. ಅಶಕ್ತವಾದದ್ದು ನಮ್ಮ ಅಳತೆ.

ಶಿರಸ್ತ್ರಾಣ. ಜರ್ಮನ್ ಶಿರಸ್ತ್ರಾಣವು ಹಿಂದಕ್ಕೆ ಬಾಲದಂತೆ ಚಾಚಿ ಕುತ್ತಿಗೆಯನ್ನು ಕಾಯುವದು; ಮುಂದೆ ನೋಟಕ್ಕೆ ಕಿರಿದಾದ ಒಂದು ಸೀಳಿರುವದು. ಒಳಗೆ ಹೊಲಿದ ಟೊಪ್ಪಿಗೆಯು ಇರಲೇಬೇಕು. ರಂಗದ ಮೇಲೆ ಮೋರೆಯು ಕಾಣಿಸುವದೂ ಮಾತು ಕೇಳಿಸುವದೂ ಅವಶ್ಯವಾದ್ದರಿಂದ ನಾವು ಮುಂಭಾಗವನ್ನು ತೆರೆದೇ ಇಟ್ಟೆವು.

ಹೊಳಪು. ಡಬ್ಬಿಯ ತಗಡು ತವರದಿಂದ ಹೊಳೆಯುವದು. ಆದರೆ ಕತ್ತರಿಸಿದ ಅಂಚಿನಲ್ಲಿ ಕಬ್ಬಿಣವು ಹೊರಬೀಳುವದರಿಂದ ತುಕ್ಕು ಅಲ್ಲಿಂದಲೇ ಹುಟ್ಟುವದು. ಅಗಸಿಯೆಣ್ಣೆಯನ್ನು ತೆಳುವಾಗಿ ಸವರಿ ಬಿಸಿಲಿಗಿಟ್ಟರೆ ಅದು ಒಣಗಿ ಗಟ್ಟಿಯಾದ ಪೊರೆಗಟ್ಟುವದು. ಕೊಬ್ಬರಿಯೆಣ್ಣೆಯು ಹೀಗೆ ಒಣಗದು. ನಮ್ಮ ಸೀಮೆಯ ಬಿಸಿಲು ಈ ಒಂದು ಕೆಲಸಕ್ಕೆ ಉಪಕಾರಿಯಾಯಿತು.

ತೊಡುವ ಕ್ರಮ. ಕವಚವನ್ನು ಕಾಲಿನಿಂದ ಮೇಲಕ್ಕೆ ತೊಡಬೇಕು: ಪಾದ, ಕಣಕಾಲು, ಮೊಣಕಾಲು, ತೊಡೆ, ಬಳಿಕ ಎದೆಬೆನ್ನು, ಬಳಿಕ ತೋಳು, ಕೈ, ಕಡೆಗೆ ತಲೆ. ಒಬ್ಬರೇ ತೊಡುವದಾಗದು, ಕಟ್ಟುವದಕ್ಕೆ ಗೆಳತಿಯೊಬ್ಬಳು ಬೇಕೇ ಬೇಕು. ಬೇಸಿಗೆಯಲ್ಲಿ ತೊಡಲೇಬಾರದು. ಡಿಸೆಂಬರಿನ ಸಂಜೆಯಲ್ಲಿಯೂ ಇಪ್ಪತ್ತು ನಿಮಿಷಕ್ಕೊಮ್ಮೆ ಬಿಚ್ಚಿ ನೀರು ಕುಡಿಸುವ ನಿಯಮವನ್ನಿಟ್ಟೆವು. ನೋಯುತ್ತದೆಂದು ಹೇಳಿದವಳ ಪಾತ್ರವನ್ನು ಯಾರಿಗೂ ಕೊಡಲಾಗದೆಂಬ ಇನ್ನೊಂದು ನಿಯಮವನ್ನೂ ಕೋಣೆಯ ಗೋಡೆಗೆ ಬರೆದು ಹಚ್ಚಿದೆವು.

೫. ಮುಕ್ತಾಯ

ಸುತ್ತಿಗೆಯ ವಿಷಯವಾಗಿ ಕೇಳಿದ ತಂದೆಯವರಿಗೆ ಈಗ ಉತ್ತರವನ್ನು ಅರಿಕೆಮಾಡುತ್ತೇವೆ. ಈ ಕವಚದಲ್ಲಿ ಸೂಜಿಯ ಕೆಲಸವು ಅರ್ಧಕ್ಕಿಂತ ಹೆಚ್ಚು. ಸುತ್ತಿಗೆಯ ಕೆಲಸವು ಉಳಿದದ್ದು. ಎರಡಕ್ಕೂ ಬೇಕಾದದ್ದು ಅಳತೆ, ತಾಳ್ಮೆ, ತೊಡುವವರ ಮೈಯನ್ನು ಕುರಿತ ಕನಿಕರ, ಇವೇ. ಕ್ಷೇತ್ರಗಣಿತದಲ್ಲಿ ಹಿಂದೆ ಬಿದ್ದಿದ್ದ ಇಬ್ಬರು ಹುಡುಗಿಯರು ಶಂಕುವಿನ ಮೇಲ್ಮೈಯನ್ನು ಭುಜದ ಫಲಕದಿಂದ ಕಲಿತರು. ನಾಯಕಿಯ ತಾಯಿಯವರು ನಾಟಕದ ದಿನ ಮುಂದಿನ ಸಾಲಿನಲ್ಲಿ ಕೂತಿದ್ದರು. ಜನರೆಲ್ಲ ತಗಡಿನ ಹೊಳಪನ್ನು ನೋಡುತ್ತಿದ್ದಾಗ ಅವರು ಮಗಳ ಕೊರಳ ಹತ್ತಿರ ಕಾಣುತ್ತಿದ್ದ ಕೌದಿಯ ಅಂಚನ್ನೇ ನೋಡುತ್ತಿದ್ದರೆಂದು ಆಮೇಲೆ ನಮಗೆ ಹೇಳಿದರು. ಅದು ಅವರ ಅತ್ತೆಯವರ ಸೀರೆಯಾಗಿದ್ದಿತು.

ಕವಚವು ಈಗ ಹೊಲಿಗೆಯ ಕೋಣೆಯ ಮೂಲೆಯಲ್ಲಿ ಮರದ ಕಂಬಕ್ಕೆ ತೊಡಿಸಲ್ಪಟ್ಟು ನಿಂತಿದೆ. ಬಂದವರು ಮುಟ್ಟಿ ನೋಡಬಹುದು. ಬರುವ ವರ್ಷ ಸುರಪುರದ ಚರಿತ್ರೆಯನ್ನು ಆಡಿಸುವ ಯೋಚನೆಯಿರುವದರಿಂದ ನಾಲ್ಕು ಕನ್ನಡಿಯ ಕವಚವನ್ನು ಮಾಡಬೇಕಾಗಿದೆ. ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ತಮ್ಮ ಮನೆಯಲ್ಲಿ ಉಳಿದ ಎಣ್ಣೆಯ ಡಬ್ಬಿಗಳನ್ನೂ ಸವೆದ ನೂಲಿನ ಸೀರೆಗಳನ್ನೂ ಪಾಠಶಾಲೆಗೆ ಕಳುಹಿಸಿಕೊಡಬೇಕೆಂದು ಬೇಡುತ್ತೇವೆ. ಯಾದಗಿರಿ, ಶಹಾಪುರ, ಸುರಪುರ ಎಲ್ಲಿಂದ ಬಂದರೂ ಸಂತೋಷ. ಕೌದಿ ಹೊಲಿಯಬಲ್ಲ ಅಜ್ಜಿಯರು ತಾವೇ ಬಂದರಂತೂ ಇನ್ನೂ ಸಂತೋಷ.